ಜಂತ್ರಡಿ

ದಿನಕ್ಕೆರಡು ಭರತ, ಎರಡು ಇಳಿತ.
ಕ್ಯಾಲೆಂಡರು ನೋಡಿ ಹೇಳುವುದಲ್ಲ ನಾನು,
ಮೊಣಕಾಲ ಗಂಟು ಹೇಳುತ್ತದೆ.
ಅಪ್ಪ ಇನಾಸನ ಕೈಯಿಂದ ನನಗೆ ಬಂದದ್ದು
ಈ ಗಜನಿ ಕಟ್ಟೆ, ಏಳು ಹಲಗೆಯ ಜಂತ್ರಡಿ,
ಮಡಲು ಹೊದೆಸಿದ ಒಂದು ಕಾವಲು ಗುಡಿಸಲು,
ಮತ್ತೆ ಈ ಹೊಳೆ.

ಅಘನಾಶಿನಿ. ಪಾಪ ತೊಳೆಯುವವಳಂತೆ.
ಇರಬಹುದು, ಘಟ್ಟದವರಿಗೆ, ಸಿಹಿನೀರಿನವರಿಗೆ.
ಇಲ್ಲಿ ನಮ್ಮ ಕಾಗಾಲದ ಬುಡದಲ್ಲಿ
ಆರು ತಾಸು ಹಿಂದಕ್ಕೆ ಹರಿಯುತ್ತಾಳೆ,
ಸಮುದ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು.

ಪಾಪನಿವೇದನೆಗೆ ಹೋದಾಗ
ಜಾಲರಿಯ ಆಚೆಯಿಂದ ಹೊಸ ಪಾದ್ರಿ, ಹಾಸನ ಕಡೆಯ ಹುಡುಗ,
ಕೇಳಿದರು: ಎಷ್ಟು ಸಲ?
ಏನು ಹೇಳಲಿ. ಭರತ ಎಷ್ಟು ಸಲವೋ ಅಷ್ಟು.
ರಾತ್ರಿ ಕಾವಲು, ಒಬ್ಬನೇ, ಅಂಗೈಯಗಲದ ಬೆಳಕು,
ಅದರೊಳಗೆ ಹೆಸರಿಲ್ಲದ ಹೆಂಗಸರು,
ಯಾವ ದೇಶದ್ದೋ ನಗು.
ಐವತ್ತಮೂರು ನನಗೆ. ಹೇಳುವಾಗ ನಾಚಿಕೆ;
ನೋಡುವಾಗ ಕೊರಳ ಶಿಲುಬೆಯನ್ನು
ಬೆನ್ನಿಗೆ ಸರಿಸಿಕೊಳ್ಳುತ್ತಿದ್ದೆ, ಅಷ್ಟೆ.

ಹತ್ತು ನಮೋ ಮರಿಯಾ, ಅಂದರು.
ಕಟ್ಟೆಯ ಮೇಲೆ ನಡೆಯುತ್ತ ಹೇಳಿದೆ.
ಎಂಟಕ್ಕೆ ಲೆಕ್ಕ ತಪ್ಪಿತು.

ಆಷಾಢದ ಅಮಾಸೆ. ಕಗ್ಗದ ಸಸಿ ಗೇಣುದ್ದ.
ಹಲಗೆಯ ಪಕ್ಕ ಏಡಿ ಕೊರೆದ ಬಿಲ.
ಸಂಜೆಯೇ ಕಂಡಿದ್ದೆ, ಹೆಬ್ಬೆರಳು ಹೋಗುವಷ್ಟು.
ಒಂದು ಬುಟ್ಟಿ ಜೇಡಿ ಸಾಕಿತ್ತು.
ಆಮೇಲೆ, ಅಂದೆ.
ಗುಡಿಸಲೊಳಗೆ ಬೆಳಕು ಹೊತ್ತಿಸಿಕೊಂಡೆ.

ನೀರು ಸದ್ದು ಮಾಡಿದ್ದರೆ ಓಡುತ್ತಿದ್ದೆ.
ಮಾಡಲಿಲ್ಲ.
ಬೆಳಗಾಗುವಾಗ ಆ ಬಿಲದಲ್ಲಿ
ನನ್ನ ತಲೆ ತೂರುತ್ತಿತ್ತು.

ಸೋಮಿ ಗೌಡ್ತಿ ಬಂದಳು, ಕೊರಳ ತುಂಬ ಮಣಿಸರ,
ಮೊಣಕಾಲುದ್ದ ನೀರಲ್ಲಿ ನಿಂತು
ಒಂದು ಸಸಿ ಕಿತ್ತು
ಬೇರನ್ನು ನಾಲಿಗೆಗೆ ಮುಟ್ಟಿಸಿದಳು.
ಉಗುಳಲಿಲ್ಲ. ಬೈಯಲೂ ಇಲ್ಲ.
"ನಿದ್ರೆ ಬಂದೋಯ್ತನೋ, ಕಾಯ್ತಾನ?"

ಹೌದು ಅನ್ನಬಹುದಿತ್ತು.
ಹಲ್ಲಿನವರೆಗೆ ಬಂದಿತ್ತು, ಹೌದು.
ನಿದ್ದೆಗೆ ಊರಲ್ಲಿ ಕ್ಷಮೆ ಉಂಟು.
"ಇಲ್ಲ," ಅಂದೆ. "ಎಚ್ಚರ ಇದ್ದೆ."
ಮುಂದೆ ಕೇಳಲಿಲ್ಲ ಅವಳು.
ಸಸಿಯನ್ನು ನನ್ನ ಕೈಗಿಟ್ಟು ಹೋದಳು.

ಮೊಬೈಲನ್ನು ಹೊಳೆಗೆ ಎಸೆದೆ ಅಂದರೆ ಕಥೆ ಚಂದ.
ಎಸೆಯಲಿಲ್ಲ. ಮಂಗಳೂರಿಂದ ಮಗಳು ಫೋನು ಮಾಡುತ್ತಾಳೆ.
ಕತ್ತಲಾಗುವ ಮೊದಲು ಅದನ್ನು
ಜಕಿನಳ ಅಕ್ಕಿ ಡಬ್ಬಿಯಲ್ಲಿಟ್ಟು ಹೊರಡುತ್ತೇನೆ.
ಮೊದಲ ದಿನ, ಯಾಕೆ ಅಂದಳು.
ಹೇಳಿದೆ.
ಮೂರು ದಿನ ಮಾತಿಲ್ಲ, ಗಂಜಿ ಮಾತ್ರ, ಅದೂ ತಣ್ಣಗೆ.
ನಾಲ್ಕನೇ ಸಂಜೆ
ಡಬ್ಬಿಯ ಮುಚ್ಚಳ ತೆಗೆದು ಹಿಡಿದುಕೊಂಡು
ಬಾಗಿಲಲ್ಲಿ ನಿಂತಿದ್ದಳು.

ಆಸೆ ಹೋಯಿತೇ?
ಸಮುದ್ರ ಎಲ್ಲಿಗೆ ಹೋಗುತ್ತದೆ.
ಗುಡಿಸಲಲ್ಲಿ ಒಬ್ಬನೇ ಕೂತಾಗ ಈಗಲೂ
ಅಂಗೈ ತಾನಾಗಿ ಬಿಚ್ಚಿಕೊಳ್ಳುತ್ತದೆ, ಖಾಲಿ,
ಬೆಳಕಿನ ತೂಕ ನೆನೆದು.
ಆಗ ಎದ್ದು ಹೊರಗೆ ಬರುತ್ತೇನೆ,
ಟಾರ್ಚು ಹಿಡಿದು ಕಟ್ಟೆಯುದ್ದಕ್ಕೂ ಬಿಲ ಹುಡುಕುತ್ತೇನೆ.
ಸಿಗುತ್ತವೆ. ನಿನ್ನೆ ಮುಚ್ಚಿದ್ದರ ಪಕ್ಕದಲ್ಲೇ.
ಏಡಿಗೆ ನನ್ನ ಮೇಲೆ ಹಗೆಯೇನಿಲ್ಲ;
ಅದರ ಬದುಕೇ ಕೊರೆಯುವುದು.

ಸಮುದ್ರ ಬತ್ತಿಸು ದೇವರೇ ಎಂದು
ಬೇಡುತ್ತಿದ್ದೆ, ಇಪ್ಪತ್ತು ವರ್ಷ.
ಈಗ ಕೇಳುವುದು ಒಂದು ಬುಟ್ಟಿ ಜೇಡಿ,
ಕೂತಲ್ಲಿಂದ ಏಳುವಷ್ಟು ಮೊಣಕಾಲು.

ಆದಿತ್ಯವಾರ ಎಷ್ಟು ಉಜ್ಜಿದರೂ
ಉಗುರಿನೊಳಗೆ ಗಜನಿಯ ಕಪ್ಪು.
ಅದೇ ಅಂಗೈ, ಅದೇ ಅಗಲ.
ಪಾದ್ರಿ ಅದರ ಮೇಲೆ ಬಿಳಿಯ ಚೂರು ಇಡುತ್ತಾರೆ,
ಉಗುರು ನೋಡುತ್ತಾರೆ, ಏನೂ ಅನ್ನುವುದಿಲ್ಲ.
ನಾಲಿಗೆಯ ಮೇಲೆ ಅದು ಕರಗುವಷ್ಟು ಹೊತ್ತು
ಸೋಮಿ ಸಸಿಯ ಬೇರು ನೆಕ್ಕಿದ್ದು ನೆನಪಾಗುತ್ತದೆ.

ಇಗರ್ಜಿಯಿಂದ ಹೊರಗೆ ಬಂದಾಗ ಒಂಬತ್ತೂವರೆ.
ಸೈಕಲ್ಲು ಹತ್ತುತ್ತೇನೆ.
ಹತ್ತಕ್ಕೆ ನೀರು ಏರುತ್ತದೆ.