ಅರ್ಧ ಅವರೆಕಾಳಿನ ದೂರ

ಈ ಅಲೆಯ ಉದ್ದ, ಅಳೆದರೆ, ಒಂದು ಅವರೆಕಾಳು.
ಅದಕ್ಕೇ ಆಂಟೆನಾಗಳನ್ನು
ಅರ್ಧ ಕಾಳಿನ ಅಂತರದಲ್ಲಿ ಕೂರಿಸಿದ್ದೇವೆ,
ಸಾಲಿಗೆ ಎಂಟು, ಅಂಥ ಎಂಟು ಸಾಲು,
ಎಲ್ಲ ಸೇರಿ ನನ್ನ ಅಂಗೈಯೊಳಗೆ.

ಟ್ರಹರ್ನ್‌ಗೆ ಇದು ಹಿಡಿಸುವುದಿಲ್ಲ.
ಮೂವತ್ತು ವರ್ಷ ರೇಡಾರಿಗೆ ಹಿತ್ತಾಳೆಯ ಕೊಳವೆ ಬಗ್ಗಿಸಿದವನು,
ಅಲೆಯನ್ನು ಕಾಲುವೆ ನೀರಿನಂತೆ ತಿರುಗಿಸಿದವನು.
"ಕೈಗೆ ಸಿಗಲು ಏನಾದರೂ ಇರಬೇಕಲ್ಲ?" ಎನ್ನುತ್ತಾನೆ,
ಚಿಪ್ಪನ್ನು ಚಿಮಟದಲ್ಲೆತ್ತಿ ಬೆಳಕಿಗೆ ಹಿಡಿದು.

ಹೋದ ವರ್ಷದ ಹಲಗೆಯಲ್ಲಿ
ಚಿಪ್ಪಿನಿಂದ ಆಂಟೆನಾಗೆ ನಾಲ್ಕು ಬೆರಳಿನ ದಾರಿ.
ಬೊಗಸೆಯಲ್ಲಿ ನೀರು ಹೊತ್ತವರ ಹಾಗೆ
ತಲುಪುವಷ್ಟರಲ್ಲಿ ಅರ್ಧಕ್ಕರ್ಧ ಸೋರಿ, ಉಳಿದದ್ದು ಬರೀ ಬಿಸಿ.
ಈ ಸಲ ಒಂದರ ಬೆನ್ನಿಗೇ ಇನ್ನೊಂದು,
ನಡುವೆ ಗಸಗಸೆಗಿಂತ ಸಣ್ಣ ಬೆಸುಗೆಯ ಗುಂಡು.
ದಾರಿಯೇ ಇಲ್ಲ, ಸೋರುವುದೆಲ್ಲಿಗೆ?

ನೀಲಿ ಮುಳ್ಳುಗಳ ಆ ಮೌನದ ಕೋಣೆಯಲ್ಲಿ
ಅರವತ್ತನಾಲ್ಕೂ ಒಂದಕ್ಕಿಂತ ಒಂದು
ಚೂರೇ ಚೂರು ತಡವಾಗಿ ದನಿಯೆತ್ತಿದವು,
ಕಿರಣ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು,
ಯಾವ ಕೀಲೂ ಕಿರುಗುಟ್ಟದೆ.
ಟ್ರಹರ್ನ್ ಕೂಡ ಎರಡು ಸಲ ನೋಡಿದ.

ಆಮೇಲೆ ಬ್ರಿಸ್ಟಲ್‌ನ ಟಾಟರ್‌ಡೌನ್ ದಿಣ್ಣೆಯಲ್ಲಿ
ದೀಪದ ಕಂಬಕ್ಕೆ ಕಟ್ಟಿದೆವು.
ಹಳದಿ, ನೇರಳೆ, ಗುಲಾಬಿ ಮನೆಗಳ ಸಾಲು, ಏದುಸಿರಿನ ಏರು.
ಇನ್ನೊಂದು ಪೆಟ್ಟಿಗೆ ಕೆಳಗೆ, ಬೇಕರಿಯ ಗೋಡೆಗೆ.
ಸೋಮವಾರ ಹತ್ತೂವರೆಗೆ ಸಂಪರ್ಕ ಕಡಿಯಿತು.
ಮುಂದಿನ ಸೋಮವಾರ, ಅದೇ ಹತ್ತೂವರೆ.
ಬೆಸುಗೆಯಲ್ಲಿ ಬಿರುಕು ಎಂದೆ ನಾನು. ಕಾವು ಹೆಚ್ಚಾಗಿದೆ ಎಂದರು ಮೇಲಿನವರು.
ಸಾಫ್ಟ್‌ವೇರಿನವರು ಹಾರ್ಡ್‌ವೇರ್ ಎಂದರು, ಅದು ಅವರ ವಾಡಿಕೆ.

ಮೂರನೆಯ ಸೋಮವಾರ ಟ್ರಹರ್ನ್ ಕಂಬದ ಬುಡದಲ್ಲಿ
ಫ್ಲಾಸ್ಕಿನ ಟೀ ಹಿಡಿದು ಸುಮ್ಮನೆ ನಿಂತ.
ಹತ್ತು ಇಪ್ಪತ್ತೈದಕ್ಕೆ ನೇರಳೆ ಮನೆಯ ಬಾಲ್ಕನಿ ಬಾಗಿಲು ತೆರೆಯಿತು.
ಶ್ರೀಮತಿ ಒಪೋಕು, ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿ,
ಜೋಡಿಮಂಚದ ದುಪ್ಪಟಿಯನ್ನು ಫಟ್ಟೆಂದು ಕೊಡವಿ
ತಂತಿಯ ಉದ್ದಕ್ಕೂ ಹರವಿದಳು.

ನೆನೆದ ಹತ್ತಿ. ಅಷ್ಟೆ.
ಮೂರು ವರ್ಷದ ನಮ್ಮ ಕೆಲಸ
ಅದರ ಮುಂದೆ ಮೂಕ.

"ನಿಮಗೇನಾದರೂ ಅಡ್ಡವಾಯಿತೇನಪ್ಪಾ?" ಮೇಲಿನಿಂದ ಕೇಳಿದಳಂತೆ.
"ಇಲ್ಲ ತಾಯಿ, ಒಣಗಲಿ" ಎಂದನಂತೆ ಇವನು.
ನನಗೆ ಫೋನು ಮಾಡಿದ:
"ದುಪ್ಪಟಿ ಅಲ್ಲೇ ಇರುತ್ತೆ. ನಿನ್ನ ಚಿಪ್ಪು ಬೇಕಾದರೆ
ಸುತ್ತಿಕೊಂಡು ಹೋಗಲಿ."

ಸುತ್ತಿಕೊಂಡು ಹೋಗುವುದನ್ನು ಕಲಿಸುತ್ತಿದ್ದೇನೆ:
ಎದುರುಮನೆಯ ಕಿಟಕಿಗಾಜಿಗೆ ತಾಗಿ,
ಅಲ್ಲಿಂದ ಚಿಮ್ಮಿ ಬೇಕರಿಗೆ.
ಕೆಲವೊಮ್ಮೆ ತಲುಪುತ್ತದೆ.

ದಾಖಲೆಯ ಹಾಳೆಯಲ್ಲಿ, ಅಡಚಣೆಗೆ ಕಾರಣ ಎಂಬಲ್ಲಿ,
ಮಳೆ, ಎಲೆ, ಲಾರಿ, ಕೈ ಎಂದಷ್ಟೇ ಅಚ್ಚಾಗಿತ್ತು.
ಕೆಳಗೊಂದು ಗೆರೆ ಎಳೆದು
ಪೆನ್ನಿನಲ್ಲಿ ಸೇರಿಸಿದೆ:
ಸೋಮವಾರ.