ಹಾಸಿಗೆ ಇದ್ದಷ್ಟು

ಎಂಬತ್ತೊಂಬತ್ತು ಡಾಲರ್, ದಪ್ಪ ಅಕ್ಷರದಲ್ಲಿ.
ಕೆಳಗೆ ಇರುವೆ ಸಾಲಿನಂತೆ ಉಳಿದದ್ದು:
ತೆರಿಗೆ, ಸೌಕರ್ಯದ ಶುಲ್ಕ
(ಯಾವ ಸೌಕರ್ಯ? ಎರಡು ಬಾಟಲಿ ನೀರು,
ಮುಚ್ಚಿದ ಈಜುಕೊಳದ ಟವೆಲು),
ಕಾರು ನಿಲ್ಲಿಸಲು ರಾತ್ರಿಗೆ ಅರವತ್ತೆರಡು.
“ನನ್ನ ಕಾರು ಮಾರಿದರೂ ಎರಡು ರಾತ್ರಿ ನಿಲ್ಲದು”
ಅಂದಳು ಮಿಲಾಗ್ರೋಸ್.

ಮೂರು ವಾರ ಹುಡುಕಿದೆವು, ಊಟದ ಬಿಡುವಲ್ಲಿ,
ಲಾಂಡ್ರಿ ಕೋಣೆಯ ಬಿಸಿ ಡ್ರೈಯರ್ ಮೇಲೆ ಕೂತು,
ಇಬ್ಬರಿಗೂ ಸೇರಿ ಒಂದು ಫೋನು, ಒಂದು ಕನ್ನಡಕ.
ವಿಮಾನ ನಿಲ್ದಾಣದ ಹತ್ತಿರ ಅಗ್ಗ, ತಿಂಡಿಯೂ ಪುಕ್ಕಟೆ.
ಆದರೆ ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ
ಹನ್ನೊಂದು ವರ್ಷ ಕಂಡವರ ಹಾಸಿಗೆ ಹಾಸಿ
ಮತ್ತೊಂದು ಹೆದ್ದಾರಿಯ ಗೊರಕೆ ಕೇಳಲು
ದುಡ್ಡು ಕೊಟ್ಟು ಹೋಗಬೇಕೆ?
ಶಿಕಾಗೋ ಅಂದರೆ ಪೇಟೆಯ ಹೊಟ್ಟೆಯೊಳಗೇ ಆಗಬೇಕು.

ಸಿಕ್ಕಿತು ಕೊನೆಗೆ: ಫೆಬ್ರವರಿ, ಗಾಳಿ ಕಚ್ಚುವ ಕಾಲ,
ಯಾರೂ ಬಾರದ ವಾರಾಂತ್ಯ.
ಮಂಚ ಎರಡಾದರೆ ಮೂವತ್ತನಾಲ್ಕು ಜಾಸ್ತಿ.
ಒಂದೇ ಸಾಕು ಅಂದೆವು.
ಕೊನೆಯ ಉಪನಗರದಲ್ಲಿ ಕಾರು ಬಿಟ್ಟು ರೈಲು ಹತ್ತಿದೆವು,
ತೊಡೆಯ ಮೇಲೆ ಬೇಯಿಸಿದ ಮೊಟ್ಟೆಯ ಡಬ್ಬಿ.

ಏಳನೇ ಮಹಡಿ. ಕಿಟಕಿಗೆ ಎದುರು ಇಟ್ಟಿಗೆ ಗೋಡೆ.
ಕೆನ್ನೆಯನ್ನು ಗಾಜಿಗೊತ್ತಿ ಎಡಗಣ್ಣು ಹೊರಳಿಸಿದರೆ
ನದಿ, ಒಂದು ಚಾಕುವಿನ ಅಲಗಿನಷ್ಟು.
ಆರು ನಿಮಿಷಕ್ಕೊಮ್ಮೆ ಕಂಬಗಳ ಮೇಲಿನ ರೈಲು ಹಾದಾಗ
ಲೋಟದ ನೀರಿಗೆ ಚಳಿ ಹಿಡಿಯುತ್ತಿತ್ತು.

ಕೋಟು ಕಳಚುವ ಮೊದಲೇ ಇಬ್ಬರೂ ಕೆಲಸಕ್ಕೆ ಬಿದ್ದೆವು:
ಅವಳು ತಲೆಹಲಗೆಯ ಹಿಂದೆ ಬೆರಳು ಎಳೆದಳು,
ನಾನು ಸ್ನಾನದ ತೊಟ್ಟಿಯ ಜಾಲರಿ ಎತ್ತಿದೆ.
ಧೂಳಿಲ್ಲ. ಒಂದು ಕೂದಲಿಲ್ಲ.
ಮಿಲಾಗ್ರೋಸ್ ಹೊದಿಕೆಯ ಮಡಿಕೆ ನೋಡುತ್ತ ನಿಂತಳು.
“ಲೋರ್ನಾ, ಇವಳು ಎಡಗೈಯವಳು. ಬೆನ್ನು ನೋವಿದೆ.
ಗೋಡೆ ಕಡೆಯ ಮೂಲೆಯನ್ನು ಮೊಣಕಾಲೂರಿ ಸಿಕ್ಕಿಸಿದ್ದಾಳೆ.”

ಸಂಜೆ ಸೇತುವೆ, ದೀಪ, ಅಂಚಿಗೆ ಹೆಪ್ಪುಗಟ್ಟಿದ ಸರೋವರ:
ಎಲ್ಲ ಬಿಟ್ಟಿ. ಮೂಗು ಕೆಂಪಾಗುವವರೆಗೂ ನೋಡಿದೆವು.
ಬಿಟ್ಟಿಯಲ್ಲದ್ದು ಇಪ್ಪತ್ತೊಂದನೇ ಮಹಡಿಯ ಬಾರು.
ಒಂದು ಗ್ಲಾಸಿಗೆ ಹದಿನೆಂಟು. ನಮ್ಮ ನಾಣ್ಯದಲ್ಲಿ
ಎರಡು ಹಾಸಿಗೆ, ಒಂದು ಕಮೋಡು.
ಒಂದನ್ನೇ ತರಿಸಿದೆವು. ಹುಡುಗ ಕೇಳದೆಯೇ ಎರಡು ಸ್ಟ್ರಾ ಇಟ್ಟ.
“ಹಾಸಿಗೆ ನಂದು, ಕಮೋಡು ನೀನು ಕುಡಿ” ಎಂದು ಅವಳು ನಕ್ಕಾಗ
ಪಕ್ಕದ ಮೇಜಿನ ಮುತ್ತಿನ ಸರ ನಮ್ಮತ್ತ ತಿರುಗಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವವರು
ಮಿಲಾಗ್ರೋಸ್ ಪಕ್ಕ ಒಂದು ರಾತ್ರಿ ಮಲಗಬೇಕು.

ಬೆಳಿಗ್ಗೆ ಜಗಳ.
ಬಾಗಿಲಿಗೆ ತೂಗಿಸುವ ಚೀಟಿ, ಹಸಿರು ಎಲೆಯ ಚಿತ್ರ:
‘ಇಂದು ಕೋಣೆ ಶುಚಿ ಬೇಡ. ಭೂಮಿ ಉಳಿಸಿ.’
ಹಾಕೋಣ, ಪಾಪ, ಅವಳ ಬೆನ್ನಾದರೂ ಉಳಿಯಲಿ ಅಂದೆ.
ಚೀಟಿ ಕಿತ್ತುಕೊಂಡಳು:
“ಮರೆತೆಯಾ? ನಮ್ಮಲ್ಲಿ ಈ ಎಲೆ ಬಂದ ವರ್ಷ
ಭೂಮಿ ಎಷ್ಟು ಉಳಿಯಿತೋ, ನನ್ನ ಗುರುವಾರ ಹೋಯಿತು.
ಕೋಣೆ ಕಡಿಮೆಯಾದರೆ ಗಂಟೆ ಕಡಿಮೆ.”

ಅಷ್ಟರಲ್ಲಿ ನಾನು ಹಾಸಿಗೆ ಹಾಸಿಯೂ ಆಗಿತ್ತು.
ಕೈ ಕೇಳಬೇಕಲ್ಲ.
ಇಬ್ಬರೂ ನಿಂತು ನೋಡಿದೆವು, ಸುಕ್ಕಿಲ್ಲದ ಆ ಬಿಳುಪನ್ನು.
ಆಮೇಲೆ ಅವಳೊಂದು ತುದಿ, ನಾನೊಂದು ತುದಿ ಹಿಡಿದು
ಎಳೆದೆವು.
ದಿಂಬೊಂದು ನೆಲಕ್ಕೆ. ಟವೆಲು ಎರಡು, ಬೇಕೆಂದೇ ಒದ್ದೆ ಮಾಡಿ.
ಒಂದೂವರೆ ಹಾಸಿಗೆಯ ದುಡ್ಡು ದೀಪದ ಬುಡದಲ್ಲಿ.
ಗೋಡೆ ಕಡೆಯ ಮೂಲೆಯನ್ನು ಮಾತ್ರ ಮುಟ್ಟಲಿಲ್ಲ.

ಹೊರಗೆ ಕಾರಿಡಾರಿನ ತುದಿಯಲ್ಲಿ ಗಾಡಿ,
ಎದೆಯ ಮೇಲೆ ಹೆಸರು: ಹಲೀನಾ.
ಸ್ಪ್ರೇ ಬಾಟಲಿ ಎಡಗೈಯಲ್ಲಿ.
ಗುಡ್ ಮಾರ್ನಿಂಗ್ ಅಂದಳು, ಮುಖ ನೋಡದೆ,
ನಾವು ಯಾರ ಮುಖವನ್ನೂ ನೋಡದೆ ಅನ್ನುವ ಹಾಗೇ.
ಮಿಲಾಗ್ರೋಸ್ ಏನೋ ಹೇಳಲು ಬಾಯಿ ತೆರೆದಳು.

ಲಿಫ್ಟು ಬಂತು.