ಸೂಜಿ

ಸೂಜಿಯ ಮೇಲೆ ಕಣ್ಣಿಟ್ಟೇ ಬದುಕಿದವಳು ನಾನು,
ಹಾಗಾಗಿ ಮೊದಲು ನನಗೇ ಕಂಡಿತು:
ಅರ್ಧದಲ್ಲಿ ನಿಂತಿರಬೇಕಾದ ಮುಳ್ಳು
ಕೆಂಪು ಗೆರೆಯ ಕಡೆಗೆ ಒಂದು ನೂಲು,
ಮತ್ತೊಂದು ನೂಲು.

ಬುರೈಮಿಯಿಂದ ಸೊಹಾರಿಗೆ, ವಾದಿ ಜಿಝಿಯ ಏರು.
ಆಗಸ್ಟು. ಮಧ್ಯಾಹ್ನ ಎರಡು.
ಹಿಂದಿನ ಸೀಟಿನಲ್ಲಿ ಬೆಡ್‌ಶೀಟು ಹೊದ್ದ
ಸೆಕೆಂಡ್ ಹ್ಯಾಂಡ್ ಓವರ್‌ಲಾಕ್ ಮಿಷನ್ನು;
ಎಪ್ಪತ್ತು ರಿಯಾಲು ಹೇಳಿದ್ದ, ನಲವತ್ತೆಂಟಕ್ಕೆ ಇಳಿಸಿ ತಂದೆ.
ಪಕ್ಕದಲ್ಲಿ ಮಹಾಬಲ, ಸ್ಮೆಲ್ಟರಿನ ರಾತ್ರಿಪಾಳಿ ಮುಗಿಸಿ ಬಂದವನು,
ಬಾಯಿ ತೆರೆದು ನಿದ್ದೆ.

ಕಾರು ತಂಗಚ್ಚನ್‌ದು. ಅಂದರೆ, ನಮ್ಮದೇ,
ಮುಲ್ಕಿಯಾದಲ್ಲಿ ನನ್ನ ಹೆಸರೇ ಇದೆ,
ಆದರೂ ಬಿಲ್ಡಿಂಗಿನವರಿಗೆಲ್ಲ ಅದು ತಂಗಚ್ಚನ್ ಕಾರು.
ಇಪ್ಪತ್ತಾರು ಬೇಸಿಗೆ ಕಂಡ ಚರೇಡ್,
ಬಾನೆಟ್ಟಿನ ಬಣ್ಣ ಹಪ್ಪಳದ ಹಾಗೆ ಎದ್ದಿದೆ.
ಕೀಲಿಕೈ ಕೊಡುವಾಗ ಅವನು ತೋಳು ಮಡಚಿ ತೋರಿಸಿದ್ದ,
ಮೊಣಕೈಯಿಂದ ಮಣಿಕಟ್ಟಿನವರೆಗೆ ನುಣುಪು, ಗುಲಾಬಿ ಚರ್ಮ:
"ಚೇಚಿ, ಬಿಸಿಯಲ್ಲಿ ಮುಚ್ಚಳ ಮಾತ್ರ ತೆಗೆಯಬೇಡಿ.
ಸಿಟ್ಟು ಬಂದವರನ್ನು ಮಾತಾಡಿಸಬಾರದು."
ಇನ್ನೂ ಒಂದು ಹೇಳಿದ್ದ. ಆಗ ನಕ್ಕಿದ್ದೆ.

ಈಗ ಅದನ್ನೇ ಮಾಡಿದೆ.
ಏಸಿ ಆರಿಸಿ, ಗಾಜು ಇಳಿಸಿ,
ಕೆಂಪು ಚುಕ್ಕಿಯ ಕಡೆಗೆ ಗುಂಡಿ ತಿರುಗಿಸಿ
ಹೀಟರ್ ಹಾಕಿದೆ, ಪೂರ್ತಿ.
ನಲವತ್ತೇಳು ಡಿಗ್ರಿಯಲ್ಲಿ ಹೀಟರ್!
ಇಂಜಿನ್ನಿನ ಜ್ವರ ನಮ್ಮ ಮೊಣಕಾಲಿಗೆ,
ಮುಖಕ್ಕೆ, ಹಲ್ಲಿನ ಸಂದಿಗೆ.
ಮಹಾಬಲ ಕಣ್ಣು ಬಿಡದೆ ಕೇಳಿದ,
"ಪಾಳಿ ಸುರು ಆಯ್ತಾ?"

ಮುಳ್ಳು ಒಂದು ನೂಲು ಇಳಿಯಿತು. ನಿಂತಿತು.
ಮತ್ತೆ ಏರಿತು.

ರಸ್ತೆಬದಿಗೆ ತೆಗೆದು ಬಾನೆಟ್ಟು ಎತ್ತಿಟ್ಟೆವು.
ನೆರಳು ಅಂತ ಇದ್ದದ್ದು ಒಂದೇ ಬೋರ್ಡಿನದು:
ಒಂಟೆಗಳಿವೆ, ಎಚ್ಚರಿಕೆ.
ಒಂಟೆ ಒಂದೂ ಇರಲಿಲ್ಲ.
ತಲೆಯಷ್ಟೇ ಅಗಲದ ಆ ನೆರಳಿನಲ್ಲಿ
ಸರದಿಯ ಮೇಲೆ ನಿಂತೆವು, ಮೊದಲು ನಾನು.
ಬಾಟಲಿ ಎತ್ತಿಕೊಂಡು ಹೊರಟವನ ಅಂಗಿ ಹಿಡಿದೆಳೆದೆ.
ಲೈಸೆನ್ಸಿಗಾಗಿ ಡ್ರಮ್ಮುಗಳ ನಡುವೆ ಹಿಂದಕ್ಕೆ ಹಿಂದಕ್ಕೆ ಹೋಗಿ
ನಾಲ್ಕು ಸಲ ಫೇಲಾದವಳು ನಾನು,
ಮುಕ್ಕಾಲು ಗಂಟೆ ನನಗೆ ಯಾವ ಲೆಕ್ಕ?

ಬುಸುಗುಡುವುದು ನಿಂತ ಮೇಲೆ ಕಂಡಿತು,
ರೇಡಿಯೇಟರಿನ ಎಲುಬುಗಳ ನಡುವೆ
ಹೊಲಿಗೆ ಬಿಚ್ಚಿದಂತೆ ಸಣ್ಣಗೆ ಇಳಿಯುವ ಹಸಿರು ನೀರು.
ಅಷ್ಟರಲ್ಲಿ ಜಲ್ಲಿ ಟಿಪ್ಪರು ನಿಲ್ಲಿಸಿ ಇಳಿದ ಗುಲ್ ಜಮಾನ್
ಬಗ್ಗಿ ನೋಡಿದ, ಗಡ್ಡ ತುರಿಸಿದ.
ತಂತಿ ಕೇಳಲಿಲ್ಲ, ಟೇಪು ಕೇಳಲಿಲ್ಲ.
"ಹಲ್ದೀ ಹೈ?"

ಇತ್ತು. ಬುರೈಮಿಯಲ್ಲಿ ಅಗ್ಗವೆಂದು ಕೊಂಡ ಅರ್ಧ ಕಿಲೋ.
ನನ್ನ ಕಟಿಂಗಿನ ದಪ್ಪ ತುಂಡು ಸುತ್ತಿ
ಮುಚ್ಚಳವನ್ನು ಕಾಲು ತಿರುವು ತಿರುಗಿಸಿದ, ತಡೆದ, ಮತ್ತೆ ಕಾಲು.
ಬಾಟಲಿಯಲ್ಲಿ ಕಲಕಿದ ಹಳದಿ
ಗುಳುಗುಳು ಒಳಗಿಳಿಯಿತು.
ಗಾಯಕ್ಕೆ ಅರಿಶಿನ ಒತ್ತುವುದು ನನಗೂ ಗೊತ್ತು,
ತಗಡಿಗೂ ಅದೇ ಮದ್ದು ಅಂತ ಗೊತ್ತಿರಲಿಲ್ಲ.
ದುಡ್ಡು ಚಾಚಿದರೆ ಬೈದ.
ಅರಿಶಿನದ ಕೈ ಟಿಪ್ಪರಿನ ಬಾಗಿಲಿಗೆ ಒರೆಸಿ ಹೋದ.

ಅರವತ್ತರ ಮೇಲೆ ಓಡಿಸಲಿಲ್ಲ.
ಮುಳ್ಳು ಅರ್ಧಕ್ಕಿಂತ ಒಂದು ಕೂದಲು ಮೇಲೆ.
ಇಳಿಜಾರಿನಲ್ಲೂ ಹೀಟರ್ ಹಾಗೇ ಉರಿಯುತ್ತಿತ್ತು,
ಆರಿಸಲು ಇಬ್ಬರಿಗೂ ಧೈರ್ಯವಿಲ್ಲ.
ಕಾರಿನ ತುಂಬ ಒಗ್ಗರಣೆಗೆ ಮುಂಚಿನ ವಾಸನೆ.
ಮಹಾಬಲ ಮತ್ತೆ ನಿದ್ದೆ ಮಾಡಲಿಲ್ಲ;
ಬೆವರು ಒರೆಸಿಕೊಳ್ಳುತ್ತ ಒಂದೊಂದೇ ಹೇಳಿದ,
ಕುಲುಮೆ ಎದುರಿನ ಎಂಟು ಗಂಟೆ ಹೇಗಿರುತ್ತದೆಂದು.
ಒಂಬತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ.

ಮರುವಾರ ಗ್ಯಾರೇಜಿನ ಶಫಿಕುಲ್ ಮುಚ್ಚಳ ತೆಗೆದು, ಮೂಸಿ,
"ಭಾಬಿ, ಇದರಲ್ಲಿ ಸಾರು ಮಾಡಿದ್ದು ಯಾರು?" ಅಂದ.
ಹೊಸ ರೇಡಿಯೇಟರಿಗೆ ಮೂವತ್ತೈದು ರಿಯಾಲಂತೆ.
ಓವರ್‌ಲಾಕು ಇನ್ನೂ ಎಷ್ಟೋ ಅಬಾಯಾಗಳ ಅಂಚು ಕಟ್ಟಬೇಕು ಅದಕ್ಕೆ.

ಅಲ್ಲಿಯವರೆಗೆ ಅರಿಶಿನದ ಡಬ್ಬಿ
ಅಡುಗೆಮನೆಯಲ್ಲಿ ಸಿಗುವುದಿಲ್ಲ.
ಸಾರಿಗೆ ಬೇಕಾದರೆ ಕಾರಿನ ಕೀ ಹಿಡಿದು
ಮೂರು ಮಹಡಿ ಇಳಿಯುತ್ತೇನೆ.